ಮನೆ ರೆಕಾರ್ಡಿಂಗ್‌ಗೆ ಯಾವ ಗಿಟಾರ್ ಆಂಪ್ ಸಾಫ್ಟ್‌ವೇರ್? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೇ ಗಿಟಾರ್ ರೆಕಾರ್ಡ್ ಮಾಡುವವರು ಮಾತಿಗೆ ಸಿಕ್ಕಾಗಲೂ ಬರೆದು ಕೇಳುವಾಗಲೂ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿವು. ಮೊದಲು ಸುಲಭದವು, ಆಮೇಲೆ ಸ್ವಲ್ಪ ಆಳದವು. ನಿಮ್ಮ ಪ್ರಶ್ನೆ ಯಾವುದೋ ಅದನ್ನಷ್ಟೇ ಓದಿದರೂ ಸಾಕು.

## ಈಗ ತಾನೇ ಶುರು ಮಾಡುವವರಿಗೆ

ಆಂಪ್ ಸಾಫ್ಟ್‌ವೇರ್ ಅಂದ್ರೆ ಬರೀ ಒಂದು ಎಫೆಕ್ಟ್ ತಾನೇ?

ಅದಕ್ಕಿಂತ ಜಾಸ್ತಿ. ಎಲೆಕ್ಟ್ರಿಕ್ ಗಿಟಾರಿನಿಂದ ನೇರವಾಗಿ ಬರುವ ಸದ್ದು ತೆಳ್ಳಗೆ, ಜೀವವಿಲ್ಲದ ಹಾಗೆ ಇರುತ್ತದೆ. ನಾವು ಹಾಡುಗಳಲ್ಲಿ ಕೇಳುವ ಗಿಟಾರ್ ಪ್ರಿಆಂಪ್, ಪವರ್ ಆಂಪ್, ಸ್ಪೀಕರ್, ಅದರ ಮುಂದಿಟ್ಟ ಮೈಕ್ ಎಲ್ಲವನ್ನೂ ದಾಟಿ ಬಂದಿರುತ್ತದೆ. ಒಂದೊಂದೂ ಸದ್ದನ್ನು ತನ್ನದೇ ರೀತಿಯಲ್ಲಿ ಬದಲಾಯಿಸುತ್ತದೆ. ಆ ಬದಲಾವಣೆಗಳನ್ನೆಲ್ಲ ಕಂಪ್ಯೂಟರಿನ ಲೆಕ್ಕದಲ್ಲೇ ಮಾಡುವುದಕ್ಕೆ ಆಂಪ್ ಮಾಡೆಲಿಂಗ್ ಎನ್ನುತ್ತಾರೆ.

ಇದರಲ್ಲಿ ಜನ ಮರೆಯುವ ಭಾಗ ಸ್ಪೀಕರ್. ಸಾಮಾನ್ಯ 12 ಇಂಚಿನ ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಜ್ ದಾಟಿದ ಮೇಲೆ ಸದ್ದನ್ನು ಜೋರಾಗಿ ಇಳಿಸಿಬಿಡುತ್ತದೆ. ಆ ಇಳಿತ ಇಲ್ಲದಿದ್ದರೆ ಡಿಸ್ಟಾರ್ಷನ್, ಅಂದರೆ ಬೇಕೆಂದೇ ಒಡೆದ ಸದ್ದು, ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೇನ್ನೊಣಗಳ ಹಾಗೆ ಕೇಳುತ್ತದೆ. ಸಾಫ್ಟ್‌ವೇರಿನಲ್ಲಿ ಕ್ಯಾಬ್, ಅಂದರೆ ಸ್ಪೀಕರ್ ಪೆಟ್ಟಿಗೆಯ ಭಾಗ, ಆಫ್ ಆಗಿದ್ದರೆ ನಿಮಗೂ ಅದೇ ಕೇಳಿಸುತ್ತದೆ.

ಇದೇನೂ ನಿನ್ನೆ ಮೊನ್ನೆಯ ಕೆಲಸವಲ್ಲ. ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ 1989ರಲ್ಲೇ ಅನಲಾಗ್ ಸರ್ಕ್ಯೂಟಿನಲ್ಲಿ ಈ ಕೆಲಸ ಮಾಡುತ್ತಿತ್ತು. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಎಂಬ ಕೆಂಪು ಡಿಜಿಟಲ್ ಪೆಟ್ಟಿಗೆ ಬಂತು, ಆಮೇಲೆ ಸಾಫ್ಟ್‌ವೇರ್‌ಗಳು: 2002ರಲ್ಲಿ ಆಂಪ್ಲಿಟ್ಯೂಬ್, 2004ರಲ್ಲಿ ಗಿಟಾರ್ ರಿಗ್.

ಲ್ಯಾಪ್‌ಟಾಪ್‌ನ ಮೈಕ್ ಜ್ಯಾಕ್‌ಗೆ ಗಿಟಾರ್ ಚುಚ್ಚಿದರೆ ಆಗಲ್ವಾ?

ಸದ್ದು ಬರುತ್ತದೆ, ಆದರೆ ಮಂಕಾಗಿ. ಗಿಟಾರ್ ಪಿಕಪ್‌ಗೆ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಸುಮಾರು 1 ಮೆಗಾಓಮ್ ಇಂಪೀಡೆನ್ಸ್, ಅಂದರೆ ಸಿಗ್ನಲ್‌ಗೆ ಒಡ್ಡುವ ತಡೆ, ಇರುವ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್‌ನಲ್ಲಿ ಅದು ಸಾಮಾನ್ಯವಾಗಿ 10 ಕಿಲೋಓಮ್ ಆಸುಪಾಸಿನಲ್ಲಿರುತ್ತದೆ, ಮೈಕ್ ಜ್ಯಾಕ್‌ನಲ್ಲಿ ಇನ್ನೂ ಕಡಿಮೆ. ಅಷ್ಟು ಕಡಿಮೆಯಾದಾಗ ಪಿಕಪ್‌ನ ಮೇಲೆ ಹೊರೆ ಬಿದ್ದು ಮೇಲಿನ ಸ್ವರಗಳ ಹೊಳಪು ಮೊದಲೇ ಹೋಗಿಬಿಡುತ್ತದೆ. ಹೋದದ್ದನ್ನು ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ.

ಹಾಗಾಗಿ ಒಂದು ಆಡಿಯೊ ಇಂಟರ್‌ಫೇಸ್, ಅಂದರೆ ಗಿಟಾರ್ ಸಿಗ್ನಲ್ ಅನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ, ಬೇಕು. ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝಡ್’ ಎಂದು ಗುರುತಿರುವ ಇನ್‌ಪುಟ್ ಅದರಲ್ಲಿರಲಿ. ಆ ಸ್ವಿಚ್ ಒತ್ತಿದ್ದೀರಾ ಅಂತ ಪ್ರತಿ ಸಲ ನೋಡಿಕೊಳ್ಳಿ. ಮೊದಲು ಖರ್ಚು ಮಾಡಬೇಕಾದದ್ದು ಇದಕ್ಕೆ, ಆಮೇಲೆ ಪ್ಲಗಿನ್‌ಗೆ, ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಸೇರಿಸುವ ಆಂಪ್ ಸಾಫ್ಟ್‌ವೇರ್‌ಗೆ.

ತಂತಿ ಮೀಟಿದ ಮೇಲೆ ಸದ್ದು ತಡವಾಗಿ ಬರುತ್ತೆ. ಪ್ಲಗಿನ್ ಸರಿ ಇಲ್ವಾ?

ಪ್ಲಗಿನ್ ಪಾಪ, ಅದರದ್ದೇನೂ ತಪ್ಪಿರುವುದಿಲ್ಲ. ತಡ ಆಗುವುದು ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) ಮತ್ತು ಡ್ರೈವರ್‌ನಿಂದ. 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಬಫರ್ ಇಟ್ಟರೆ ಒಂದು ಕಡೆಗೆ 2.7 ಮಿಲಿಸೆಕೆಂಡ್. ಒಳಗೆ ಹೋಗಿ ಹೊರಗೆ ಬರಲು ಅದರ ಎರಡರಷ್ಟು, ಜೊತೆಗೆ ಇಂಟರ್‌ಫೇಸ್‌ನ ಸ್ವಂತ ತಡ ಒಂದಿಷ್ಟು. ಒಟ್ಟು 10 ಮಿಲಿಸೆಕೆಂಡ್ ಒಳಗಿದ್ದರೆ ಹೆಚ್ಚಿನವರಿಗೆ ತೊಂದರೆ ಅನಿಸುವುದಿಲ್ಲ. ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡ್‌ಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ ನಿಜವಾದ ಆಂಪ್‌ನಿಂದ 3 ಮೀಟರ್ ದೂರ ನಿಂತು ಬಾರಿಸುವವರಿಗೂ ಸುಮಾರು 9 ಮಿಲಿಸೆಕೆಂಡ್ ತಡ ಇದ್ದೇ ಇರುತ್ತದೆ.

ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯದ್ದೇ, ತಡ ಕಡಿಮೆ ಮಾಡುವ ಆಸಿಯೊ (ASIO) ಡ್ರೈವರ್ ಹಾಕಿ. ಮ್ಯಾಕ್‌ನಲ್ಲಿ ಕೋರ್ ಆಡಿಯೊ ಮೊದಲೇ ಇರುತ್ತದೆ. ರೆಕಾರ್ಡ್ ಮಾಡುವಾಗ ಬಫರ್ 64 ಅಥವಾ 128, ಮಿಕ್ಸ್ ಮಾಡುವಾಗ 512 ಅಥವಾ 1024. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಿದ್ದರೆ ತೆಗೆದಿಡಿ. ಅದರ ತಡವನ್ನು ಬಫರ್ ಸೆಟ್ಟಿಂಗ್‌ನಿಂದ ಕಡಿಮೆ ಮಾಡಲು ಆಗುವುದಿಲ್ಲ.

ಫ್ರೀಯಾಗಿ ಸಿಗೋದರಲ್ಲಿ ಕೆಲಸಕ್ಕೆ ಬರೋದು ಇದೆಯಾ?

ಖಂಡಿತ ಇದೆ, ಚೆನ್ನಾಗಿಯೇ ಇದೆ. ಆಂಪ್ಲಿಟ್ಯೂಬ್‌ಗೂ ಗಿಟಾರ್ ರಿಗ್‌ಗೂ ಉಚಿತ ಆವೃತ್ತಿಗಳಿವೆ. ಆಂಪ್‌ಗಳು ಕಡಿಮೆ, ಆದರೆ ಸದ್ದಿನ ಗುಣ ದೊಡ್ಡ ಆವೃತ್ತಿಯದ್ದೇ. ಇಗ್ನೈಟ್ ಆಂಪ್ಸ್‌ನವರ ಎಮಿಸರಿ ಜೋರು ಡಿಸ್ಟಾರ್ಷನ್‌ಗೆ ಈಗಲೂ ಗಟ್ಟಿ ಆಯ್ಕೆ. ಮ್ಯಾಕ್ ಇರುವವರಿಗೆ ಗ್ಯಾರೇಜ್‌ಬ್ಯಾಂಡ್ ಒಳಗೇ ಆಂಪ್‌ಗಳು ಸಿಗುತ್ತವೆ.

ಇವೆಲ್ಲಕ್ಕಿಂತ ನಾನು ಮೊದಲು ಹೇಳುವ ಹೆಸರು ನ್ಯೂರಲ್ ಆಂಪ್ ಮಾಡೆಲರ್. ಎಲ್ಲರೂ ನ್ಯಾಮ್ ಎನ್ನುತ್ತಾರೆ. ಇದು ಓಪನ್ ಸೋರ್ಸ್, ಪೂರ್ತಿ ಉಚಿತ, ನಿಜವಾದ ಆಂಪ್‌ಗೆ ತುಂಬಾ ಹತ್ತಿರ. ಒಂದು ವಿಷಯ ಗೊತ್ತಿರಲಿ: ಇದರೊಳಗೆ ಆಂಪ್‌ಗಳ ಸಾಲು ಇರುವುದಿಲ್ಲ. ಬಳಕೆದಾರರು ತಮ್ಮ ಆಂಪ್‌ಗಳಿಂದ ಮಾಡಿ ಹಂಚಿದ ಫೈಲ್‌ಗಳನ್ನು ನೀವೇ ಹುಡುಕಿ ಹಾಕಿಕೊಳ್ಳಬೇಕು. ಮೊದಲ ದಿನ ಖಾಲಿ ಕಿಟಕಿ ನೋಡಿ ಕೈಬಿಡುವವರು ಬಹಳ. ಒಂದೆರಡು ಒಳ್ಳೆಯ ಫೈಲ್ ಸಿಕ್ಕಮೇಲೆ ಬಿಡಲು ಮನಸ್ಸಾಗುವುದಿಲ್ಲ.

## ಯಾವುದನ್ನು ಆರಿಸಿಕೊಳ್ಳುವುದು

ಆಂಪ್ಲಿಟ್ಯೂಬ್, ಗಿಟಾರ್ ರಿಗ್, ನ್ಯೂರಲ್ ಡಿಎಸ್‌ಪಿ, ಹೀಲಿಕ್ಸ್ ನೇಟಿವ್. ಒಂದೇ ಮಾತಲ್ಲಿ ಹೇಳಿ, ಯಾವುದು ಬೆಸ್ಟ್?

ಒಂದೇ ಮಾತಲ್ಲಿ ಹೇಳಬೇಕಾದರೆ: ಸದ್ದು ಇವತ್ತು ನಾಲ್ಕರಲ್ಲೂ ಚೆನ್ನಾಗಿದೆ, ಕೆಲಸ ಮಾಡುವ ರೀತಿ ಬೇರೆ ಬೇರೆ. ಹೀಗಾಗಿ ನಿಮ್ಮ ಅಭ್ಯಾಸ ಯಾವುದಕ್ಕೆ ಹೊಂದುತ್ತದೆ ಅಂತ ನೋಡಿ.

ನ್ಯೂರಲ್ ಡಿಎಸ್‌ಪಿ ಹೆಲ್ಸಿಂಕಿಯ ಕಂಪನಿ. ಅವರ ಆರ್ಕಿಟೈಪ್ ಸರಣಿಯ ಒಂದೊಂದು ಪ್ಲಗಿನ್ ಒಬ್ಬ ಗಿಟಾರ್ ವಾದಕರ ಸದ್ದಿನ ಸುತ್ತ ಕಟ್ಟಿದ್ದು. ಕೆಲವೇ ಆಂಪ್, ಕೆಲವೇ ಪೆಡಲ್, ಒಂದು ಕ್ಯಾಬ್ ವಿಭಾಗ, ಅಷ್ಟೇ. ತೆರೆದ ಐದು ನಿಮಿಷಕ್ಕೆ ರೆಕಾರ್ಡ್ ಮಾಡಬಹುದಾದ ಟೋನ್ ಸಿಗುತ್ತದೆ. ಆಯ್ಕೆ ಕಡಿಮೆ ಇರುವುದೇ ಇದರ ಬಲ. ತೊಂದರೆ ಎಂದರೆ ಬೇರೆ ಬಗೆಯ ಸದ್ದು ಬೇಕಾದಾಗ ಇನ್ನೊಂದು ಪ್ಲಗಿನ್ ಕೊಳ್ಳಬೇಕು. ಪೆಡಲ್‌ಗಳ ಸಾಲನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವ ಸ್ವಾತಂತ್ರ್ಯವೂ ಕಡಿಮೆ.

ಇಟಲಿಯ ಐಕೆ ಮಲ್ಟಿಮೀಡಿಯಾದವರ ಆಂಪ್ಲಿಟ್ಯೂಬ್ ಇದಕ್ಕೆ ಪೂರಾ ಉಲ್ಟಾ. ದೊಡ್ಡ ಆವೃತ್ತಿಯಲ್ಲಿ ನೂರಾರು ಸಾಮಾನುಗಳಿವೆ. ಫೆಂಡರ್, ಮೆಸಾ ಬೂಗಿ, ಆರೆಂಜ್ ತರಹದ ಕಂಪನಿಗಳ ಒಪ್ಪಿಗೆಯೊಂದಿಗೆ ಮಾಡಿದ ಮಾದರಿಗಳೂ ಇವೆ. ಮೈಕ್ ಅನ್ನು ಸ್ಪೀಕರ್ ಮುಂದೆ ಎಳೆದಾಡಿ ಕೇಳಬಹುದು. ಹಳೆಯ ಆಂಪ್‌ಗಳ ಬಗ್ಗೆ ಕುತೂಹಲ ಇರುವವರಿಗೆ ಕಲಿಯಲು ಒಳ್ಳೆಯ ಜಾಗ. ಬೇಗ ಹಾಡು ಮುಗಿಸಬೇಕಾದವರು ಆಯ್ಕೆಗಳ ನಡುವೆ ಕಳೆದುಹೋಗುತ್ತಾರೆ.

ಗಿಟಾರ್ ರಿಗ್ ಅನ್ನು ನಾನು ಎಫೆಕ್ಟ್‌ಗಳಿಗಾಗಿ ಇಷ್ಟಪಡುತ್ತೇನೆ. ಒಂದರ ಮೇಲೊಂದು ಜೋಡಿಸುವ ರ‍್ಯಾಕ್, ವಿಚಿತ್ರ ಡಿಲೇ, ತೇಲುವ ರಿವರ್ಬ್. ಸಿಂಥ್ ಮತ್ತು ದನಿಗೂ ಬಳಸಬಹುದು. ಹಿನ್ನೆಲೆ ಸಂಗೀತ, ಆಂಬಿಯೆಂಟ್ ಮಾಡುವವರಿಗೆ ಇದು ಸರಿ.

ಲೈನ್ 6 ಕಂಪನಿಯ ಹೀಲಿಕ್ಸ್ ನೇಟಿವ್ ವೇದಿಕೆಯಲ್ಲೂ ಬಾರಿಸುವವರಿಗೆ. ಹೀಲಿಕ್ಸ್ ಪೆಡಲ್‌ಬೋರ್ಡ್‌ನಲ್ಲಿ ಇರುವ ಅದೇ ಮಾದರಿಗಳು ಇದರಲ್ಲೂ ಇವೆ. ಮನೆಯಲ್ಲಿ ಮಾಡಿದ ಪ್ರೀಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಅನ್ನು ಬೋರ್ಡ್‌ಗೆ ಹಾಕಿಕೊಂಡು ಹೋಗಬಹುದು. ಸಿಗ್ನಲ್ ದಾರಿಯನ್ನು ಎರಡಾಗಿ ಸೀಳಿ ಮತ್ತೆ ಕೂಡಿಸುವುದು ಇದರಲ್ಲಿ ಬಹಳ ಸಲೀಸು.

ಆಂಪ್‌ಗಳ ಹೆಸರು ಎಲ್ಲೂ ಕೇಳೇ ಇಲ್ಲ. ಇವು ಯಾವ ಆಂಪ್‌ಗಳು?

ಕಂಪನಿಯ ಒಪ್ಪಿಗೆ ಇಲ್ಲದೆ ಟ್ರೇಡ್‌ಮಾರ್ಕ್ ಹೆಸರು ಬಳಸುವಂತಿಲ್ಲ. ಅದಕ್ಕೇ ಸುಳಿವು ಕೊಡುವ ಹೆಸರುಗಳು. ‘ಬ್ರಿಟ್’, ‘ಪ್ಲೆಕ್ಸಿ’ ಕಂಡರೆ ಮಾರ್ಷಲ್ ಕಡೆಯದ್ದು, ‘ಎಸಿ’ ಅಥವಾ ‘ಎಸೆಕ್ಸ್’ ಕಂಡರೆ ವಾಕ್ಸ್, ‘ಕ್ಯಾಲಿ’ ಎಂದರೆ ಮೆಸಾ ಬೂಗಿ. ಹೀಲಿಕ್ಸ್‌ನ ಕೈಪಿಡಿಯಲ್ಲಿ ಯಾವುದು ಯಾವುದರ ಮಾದರಿ ಎಂಬ ಪೂರ್ತಿ ಪಟ್ಟಿ ಇದೆ.

ಎರಡು ಪ್ಲಗಿನ್ ಹಾಕಿ ನೋಡಿದೆ. ಒಂದು ತಕ್ಷಣ ಎದ್ದು ಕೇಳ್ತು. ಅದನ್ನೇ ತಗೊಳ್ಳಲಾ?

ಸ್ವಲ್ಪ ತಡೆಯಿರಿ. ಎದ್ದು ಕೇಳಿದ್ದು ಬಹುಶಃ ಜೋರಾಗಿದ್ದ ಪ್ಲಗಿನ್. ವಾಲ್ಯೂಮ್ ಹೆಚ್ಚಾದಾಗ ನಮ್ಮ ಕಿವಿಗೆ ತಳದ ಸ್ವರಗಳೂ ಮೇಲಿನ ಸ್ವರಗಳೂ ಹೆಚ್ಚು ತುಂಬಿದ ಹಾಗೆ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಒಂದು ಡೆಸಿಬೆಲ್ ವ್ಯತ್ಯಾಸವನ್ನು ನಾವು ‘ಜೋರು’ ಎಂದು ಗುರುತಿಸುವುದಿಲ್ಲ, ‘ಚೆನ್ನಾಗಿದೆ’ ಎಂದುಕೊಳ್ಳುತ್ತೇವೆ. ಪ್ಲಗಿನ್‌ಗಳ ಪ್ರೀಸೆಟ್‌ಗಳು ಒಂದೇ ಮಟ್ಟದಲ್ಲಿ ಇರುವುದೂ ಇಲ್ಲ.

ನ್ಯಾಯವಾದ ಹೋಲಿಕೆ ಹೀಗೆ. ಯಾವ ಎಫೆಕ್ಟೂ ಇಲ್ಲದ ಗಿಟಾರ್ ಸಿಗ್ನಲ್, ಅಂದರೆ ಡಿಐ, ಅದನ್ನು ಒಮ್ಮೆ ರೆಕಾರ್ಡ್ ಮಾಡಿ. ಅದರಲ್ಲಿ ತೆರೆದ ಕಾರ್ಡ್, ಅಂಗೈಯಿಂದ ಒತ್ತಿ ಬಾರಿಸಿದ ರಿಫ್, ಮೆಲ್ಲಗೆ ಮೀಟಿದ ಒಂದೆರಡು ಸ್ವರ ಎಲ್ಲಾ ಇರಲಿ. ಅದೇ ಡಿಐ ಅನ್ನು ಎರಡೂ ಪ್ಲಗಿನ್‌ಗೆ ಕೊಡಿ. ಎರಡರಲ್ಲೂ ಕ್ಯಾಬ್ ವಿಭಾಗ ಆಫ್ ಮಾಡಿ, ಹೊರಗಿನಿಂದ ಒಂದೇ ಐಆರ್ (ಸ್ಪೀಕರ್ ಮತ್ತು ಮೈಕ್‌ನ ಗುಣ ಹಿಡಿದಿಟ್ಟ ಫೈಲ್, ವಿವರ ಮುಂದಿದೆ) ಹಾಕಿ. ರಿವರ್ಬ್, ಡಿಲೇ ಎಲ್ಲಾ ಆಫ್. ಲೌಡ್‌ನೆಸ್ ಮೀಟರ್ ನೋಡಿಕೊಂಡು ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ಆಮೇಲೆ ಟ್ರ್ಯಾಕ್‌ಗಳ ಹೆಸರು ನೋಡದೆ, ಬೇರೆಯವರ ಕೈಯಲ್ಲಿ ಬದಲಾಯಿಸಿಸಿ ಕೇಳಿ. ಬರೀ ಗಿಟಾರ್ ಒಂದನ್ನೇ ಅಲ್ಲ, ಡ್ರಮ್ಸ್ ಮತ್ತು ಬಾಸ್ ಜೊತೆಗೂ ಕೇಳಿ.

ಹೀಗೆ ಕೇಳಿದಾಗ ‘ಆಕಾಶ ಭೂಮಿ ವ್ಯತ್ಯಾಸ’ ಅನ್ನಿಸಿದ್ದರಲ್ಲಿ ಬಹುಪಾಲು ಕ್ಯಾಬ್‌ದು, ವಾಲ್ಯೂಮ್‌ದು ಅಂತ ಗೊತ್ತಾಗುತ್ತದೆ. ಉಳಿದ ಸಣ್ಣ ವ್ಯತ್ಯಾಸ ನಿಜವಾದದ್ದು: ಗಿಟಾರಿನ ವಾಲ್ಯೂಮ್ ಇಳಿಸಿದಾಗ ಡಿಸ್ಟಾರ್ಷನ್ ಹೇಗೆ ತಿಳಿಯಾಗುತ್ತದೆ, ಬೆರಳಿನ ಒತ್ತಡಕ್ಕೆ ಹೇಗೆ ಸ್ಪಂದಿಸುತ್ತದೆ ಅನ್ನುವುದು. ಅದನ್ನು ರೆಕಾರ್ಡಿಂಗ್ ಕೇಳಿ ತಿಳಿಯಲು ಆಗುವುದಿಲ್ಲ, ಬಾರಿಸಿಯೇ ನೋಡಬೇಕು. ಹೆಚ್ಚಿನ ಕಂಪನಿಗಳು ಟ್ರಯಲ್ ಕೊಡುತ್ತವೆ, ನ್ಯೂರಲ್ ಡಿಎಸ್‌ಪಿಯದ್ದು 14 ದಿನ. ಅಷ್ಟರಲ್ಲಿ ಒಂದು ಪೂರ್ತಿ ಹಾಡು ಮಾಡಿ ನೋಡಿ.

ನನ್ನ ಕಂಪ್ಯೂಟರ್ ಹಳೇದು. ಕರಕರ ಅಂತ ಸದ್ದು ಬರುತ್ತೆ.

ಬಾರಿಸುವಾಗ ಪ್ಲಗಿನ್‌ನ ಓವರ್‌ಸ್ಯಾಂಪ್ಲಿಂಗ್ ಸೆಟ್ಟಿಂಗ್ ಕಡಿಮೆ ಮಾಡಿ (ಅದೇನು ಅಂತ ಮುಂದೆ ಹೇಳಿದ್ದೇನೆ). ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ, ಅಂದರೆ ತಾತ್ಕಾಲಿಕವಾಗಿ ಆಡಿಯೊ ಆಗಿ ಬದಲಿಸಿಡಿ. ನ್ಯಾಮ್‌ನಲ್ಲಾದರೆ ‘ಸ್ಟ್ಯಾಂಡರ್ಡ್’ ಬದಲು ‘ಫೆದರ್’ ಅಥವಾ ‘ನ್ಯಾನೊ’ ಮಾದರಿಯ ಫೈಲ್ ಹುಡುಕಿ, ಅವು ಕಂಪ್ಯೂಟರಿಗೆ ಬಹಳ ಹಗುರ. ವೈಫೈ ಆಫ್ ಮಾಡಿ ಒಮ್ಮೆ ನೋಡಿ. ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಕರಕರಕ್ಕೆ ಅದರ ಡ್ರೈವರೇ ಕಾರಣ.

## ಟೋನ್ ಸರಿಮಾಡಿಕೊಳ್ಳುವುದು

ಡೆಮೊದಲ್ಲಿ ಅದೇ ಪ್ರೀಸೆಟ್ ಸೂಪರ್, ನನ್ನ ಗಿಟಾರ್‌ನಲ್ಲಿ ಮಾತ್ರ ಯಾಕೆ ಹೀಗೆ?

ಕೈ, ಗಿಟಾರ್, ಪಿಕಪ್ ಬೇರೆ, ಅದು ಇದ್ದೇ ಇದೆ. ಆದರೆ ಮೊದಲು ನೋಡಬೇಕಾದ್ದು ಇನ್‌ಪುಟ್ ಮಟ್ಟ. ಈ ವಿಷಯದ ಬಗ್ಗೆ ಜನ ಮಾತಾಡುವುದು ತೀರಾ ಕಡಿಮೆ. ಎಷ್ಟೋ ಜನ ಇದೊಂದು ಸರಿಯಿಲ್ಲದೆ ಪ್ಲಗಿನ್ ಮೇಲೆ ಪ್ಲಗಿನ್ ಕೊಳ್ಳುತ್ತಾರೆ, ಅದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ.

ನಿಜವಾದ ಆಂಪ್‌ಗೆ ಗಿಟಾರ್ ಚುಚ್ಚಿದಾಗ ನಡುವೆ ಸಿಗ್ನಲ್ ಏರಿಸುವ ಯಾವ ಗೇನ್ ನಾಬೂ ಇರುವುದಿಲ್ಲ. ಮೆಲ್ಲನೆಯ ಸಿಂಗಲ್ ಕಾಯಿಲ್ ಪಿಕಪ್‌ನ ಸಿಗ್ನಲ್ ಮೆಲ್ಲಗೆ ಹೋಗುತ್ತದೆ, ಜೋರಾದ ಹಂಬಕರ್ ಪಿಕಪ್‌ನದ್ದು ಜೋರಾಗಿ ಹೋಗುತ್ತದೆ. ಕಂಪ್ಯೂಟರಿನಲ್ಲಿ ಇಂಟರ್‌ಫೇಸ್‌ನ ಗೇನ್ ನಡುವೆ ಬಂದು ಕೂರುತ್ತದೆ. ‘ಯಾವ ಗಿಟಾರ್ ಆದರೂ ಮೀಟರ್ ಮೈನಸ್ 6ಕ್ಕೆ ಬರುವ ತನಕ ಗೇನ್ ಏರಿಸಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹಾಗೆ ಮಾಡಿದರೆ ಎರಡು ಗಿಟಾರ್‌ಗಳ ಸಹಜ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಕ್ಲೀನ್ ಇರಬೇಕಾದ ಪ್ರೀಸೆಟ್ ಒಡೆಯುತ್ತದೆ, ಡಿಸ್ಟಾರ್ಷನ್ ಪ್ರೀಸೆಟ್ ಕೆಸರಾಗುತ್ತದೆ.

ಸರಿಯಾದ ದಾರಿ: ಇನ್‌ಸ್ಟ್ರುಮೆಂಟ್ ಇನ್‌ಪುಟ್‌ನ ಗೇನ್ ಕನಿಷ್ಠಕ್ಕೆ ಇಳಿಸಿ. ಕೈಪಿಡಿಯಲ್ಲಿ ಆ ಇನ್‌ಪುಟ್‌ನ ಗರಿಷ್ಠ ಮಟ್ಟ ಎಷ್ಟು ಡಿಬಿಯು (ಸಿಗ್ನಲ್ ಮಟ್ಟದ ಅಳತೆ) ಅಂತ ಕೊಟ್ಟಿರುತ್ತಾರೆ, ನೋಡಿ. ಪ್ಲಗಿನ್ ಅಥವಾ ಕ್ಯಾಪ್ಚರ್ (ನಿಜವಾದ ಆಂಪ್‌ನಿಂದ ಮಾಡಿದ, ನ್ಯಾಮ್ ತರಹದ ಫೈಲ್) ಮಾಡಿದವರು ಯಾವ ಮಟ್ಟಕ್ಕೆ ಮಾಡಿದ್ದಾರೆ ಎಂಬುದೂ ಗೊತ್ತಾದರೆ ಕೆಲಸ ಸುಲಭ. ಉದಾಹರಣೆಗೆ ನಿಮ್ಮ ಇಂಟರ್‌ಫೇಸ್ 12 ಡಿಬಿಯು, ಅವರದ್ದು 15 ಡಿಬಿಯು ಅಂದುಕೊಳ್ಳಿ. ನಿಮ್ಮ ಸಿಗ್ನಲ್ ಕಂಪ್ಯೂಟರಿನೊಳಗೆ 3 ಡೆಸಿಬೆಲ್ ಜಾಸ್ತಿ ಬರುತ್ತಿದೆ ಎಂದರ್ಥ. ಪ್ಲಗಿನ್‌ನ ಇನ್‌ಪುಟ್ ನಾಬ್ 3 ಡೆಸಿಬೆಲ್ ಇಳಿಸಿ, ಮುಗಿಯಿತು. ನ್ಯಾಮ್‌ನ ಹೊಸ ಆವೃತ್ತಿಗಳಲ್ಲಿ ಈ ಲೆಕ್ಕಕ್ಕೇ ಒಂದು ಸೆಟ್ಟಿಂಗ್ ಇದೆ.

ಗೇನ್ ಕನಿಷ್ಠದಲ್ಲೂ ಕೆಂಪು ದೀಪ ಹತ್ತುತ್ತದಾ? ಪಿಕಪ್ ಅನ್ನು ತಂತಿಯಿಂದ ಸ್ವಲ್ಪ ಕೆಳಗೆ ಇಳಿಸಿ, ಅಥವಾ ಪ್ಯಾಡ್ ಸ್ವಿಚ್ ಇದ್ದರೆ ಒತ್ತಿ.

ಐಆರ್ ಐಆರ್ ಅಂತಾರಲ್ಲ, ಅದಕ್ಕೆ ಅಷ್ಟೊಂದು ಮಹತ್ವ ಯಾಕೆ?

ಇಂಪಲ್ಸ್ ರೆಸ್ಪಾನ್ಸ್ ಅಥವಾ ಐಆರ್ ಎಂದರೆ ಒಂದು ಸ್ಪೀಕರ್ ಕ್ಯಾಬಿನೆಟ್, ಒಂದು ಮೈಕ್, ಒಂದು ಜಾಗ, ಈ ಮೂರೂ ಸೇರಿ ಸದ್ದನ್ನು ಹೇಗೆ ಬದಲಿಸುತ್ತವೆ ಅನ್ನುವ ಅಚ್ಚು. ಒಂದು ಪುಟ್ಟ ವೇವ್ ಫೈಲ್ ಅಷ್ಟೇ. ಸ್ಪೀಕರ್ ತಯಾರಿಸುವ ಸೆಲೆಶನ್ ಕಂಪನಿಯೇ ತನ್ನ ವಿಂಟೇಜ್ 30, ಗ್ರೀನ್‌ಬ್ಯಾಕ್ ಸ್ಪೀಕರ್‌ಗಳ ಐಆರ್ ಮಾರುತ್ತದೆ.

ಶೂರ್ ಎಸ್‌ಎಂ57 ಮೈಕ್ ಗಿಟಾರ್ ಕ್ಯಾಬ್ ಮುಂದೆ ದಶಕಗಳಿಂದ ನಿಂತಿದೆ. ಅದನ್ನು ಸ್ಪೀಕರ್‌ನ ಮಧ್ಯಕ್ಕೆ ಇಟ್ಟರೆ ಸದ್ದು ಚೂಪು, ಎರಡು ಮೂರು ಸೆಂಟಿಮೀಟರ್ ಅಂಚಿನ ಕಡೆ ಸರಿಸಿದರೆ ಮೆತ್ತಗೆ. ಅಷ್ಟು ಸಣ್ಣ ಸರಿದಾಟ ಟ್ರೆಬಲ್ ನಾಬ್ ಪೂರ್ತಿ ತಿರುಗಿಸಿದ್ದಕ್ಕಿಂತ ಹೆಚ್ಚು ಬದಲಾವಣೆ ತರುತ್ತದೆ. ಟೋನ್ ಹಿಡಿಸದಿದ್ದರೆ ಆಂಪ್ ಬದಲಿಸುವ ಮೊದಲು ಐಆರ್ ಬದಲಿಸಿ. ಆದರೆ ಸಾವಿರಾರು ಫೈಲ್ ಇಳಿಸಿಕೊಂಡು ಕೂರಬೇಡಿ. ಕೇಳಿ ಕೇಳಿ ಕಿವಿ ಸೋಲುತ್ತದೆ. ನಾಲ್ಕೈದು ಆರಿಸಿಟ್ಟುಕೊಳ್ಳಿ, ಅವುಗಳ ಗುಣ ಕೈಗೆ ಹತ್ತಲಿ.

ಒಂಟಿಯಾಗಿ ಕೇಳಿದರೆ ಭರ್ಜರಿ, ಹಾಡಲ್ಲಿ ಮುಳುಗಿಹೋಗುತ್ತೆ. ಏನು ಮಾಡಲಿ?

ಗೇನ್ ಇಳಿಸಿ. ಈಗ ಇಳಿಸಿದ್ದೀರಲ್ಲ, ಇನ್ನೂ ಸ್ವಲ್ಪ ಇಳಿಸಿ. ಡಿಸ್ಟಾರ್ಷನ್ ಹೆಚ್ಚಾದಷ್ಟೂ ಸದ್ದು ಒತ್ತಿದಂತಾಗಿ, ಮೀಟಿದ ಕ್ಷಣದ ಹೊಡೆತ ಕಳೆದುಹೋಗುತ್ತದೆ. ಜೋರು ರಿದಮ್ ಬೇಕಾದರೆ ಅದೇ ಭಾಗವನ್ನು ಎರಡು ಸಲ ಬೇರೆ ಬೇರೆಯಾಗಿ ಬಾರಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಡಿ. ಒಂದೇ ಟೇಕ್ ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಅಗಲ ಬರುವುದಿಲ್ಲ, ನಡುವೆಯೇ ಜೋರಾಗಿ ಕೇಳುತ್ತದೆ.

80ರಿಂದ 100 ಹರ್ಟ್ಜ್ ಕೆಳಗಿನದ್ದನ್ನು ಹೈಪಾಸ್ ಫಿಲ್ಟರ್‌ನಿಂದ ತೆಗೆಯಿರಿ, ಆ ಜಾಗ ಬಾಸ್ ಗಿಟಾರ್‌ದು. ಮಿಡ್ ನಾಬ್ ಸೊನ್ನೆಗೆ ಇಳಿಸುವ ಆಸೆ ಬಿಡಿ. ಹಾಡಿನಲ್ಲಿ ಗಿಟಾರ್ ಕೇಳಿಸುವುದೇ ಮಿಡ್‌ನಿಂದ.

ಹೆಡ್‌ಫೋನ್‌ನಲ್ಲಿ ಆಂಪ್ ಮುಂದೆ ನಿಂತ ಫೀಲ್ ಬರಲ್ವಲ್ಲ?

ಬರುವುದಿಲ್ಲ, ನಿಜ. ಕೋಣೆಯಲ್ಲಿ ಆಂಪ್ ಕೇಳುವಾಗ ಸ್ಪೀಕರ್‌ನಿಂದ ದೂರ ಇರುತ್ತೀರಿ, ಗೋಡೆಗಳ ಸದ್ದೂ ಸೇರುತ್ತದೆ. ಪ್ಲಗಿನ್ ಕೊಡುವುದು ಸ್ಪೀಕರ್‌ಗೆ ಅಂಟಿಸಿಟ್ಟ ಮೈಕ್‌ನ ಸದ್ದು. ಸ್ಟುಡಿಯೋದ ಕಂಟ್ರೋಲ್ ರೂಮಿನಲ್ಲಿ ಕೂತವರೂ ಕೇಳುವುದು ಇದನ್ನೇ. ಬಾರಿಸುವಾಗ ಮಾತ್ರ ಚಿಕ್ಕ ರೂಮ್ ರಿವರ್ಬ್ ಹಾಕಿಕೊಳ್ಳಿ, ಮಿಕ್ಸ್‌ನಲ್ಲಿ ಬೇಡವಾದರೆ ತೆಗೆಯಿರಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಕ್ಯಾಪ್ಚರ್ ಒಳ್ಳೇದಾ, ಸರ್ಕ್ಯೂಟ್ ಮಾಡೆಲಿಂಗ್ ಒಳ್ಳೇದಾ?

ಎರಡೂ ಬೇರೆ ಕೆಲಸಕ್ಕೆ. ಸರ್ಕ್ಯೂಟ್ ಮಾಡೆಲಿಂಗ್‌ನಲ್ಲಿ ವಾಲ್ವ್, ಕೆಪಾಸಿಟರ್, ಟೋನ್ ನಾಬ್ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನೇ ಲೆಕ್ಕ ಹಾಕುತ್ತಾರೆ. ಅದಕ್ಕೇ ನಾಬ್ ತಿರುಗಿಸಿದರೆ ನಿಜವಾದ ಆಂಪ್‌ನ ಹಾಗೆ ಸದ್ದು ಬದಲಾಗುತ್ತದೆ. ಕ್ಯಾಪ್ಚರ್‌ನಲ್ಲಿ ಒಳಗೆ ಏನಿದೆ ಅಂತ ನೋಡುವುದೇ ಇಲ್ಲ. ಒಂದು ಪರೀಕ್ಷಾ ಸಿಗ್ನಲ್ ಅನ್ನು, ನ್ಯಾಮ್‌ನಲ್ಲಾದರೆ ಸುಮಾರು 3 ನಿಮಿಷದ್ದು, ಆಂಪ್ ಮೂಲಕ ಹಾಯಿಸಿ, ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಇರುವ ಸಂಬಂಧವನ್ನು ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸುತ್ತಾರೆ. ಐಕೆ ಮಲ್ಟಿಮೀಡಿಯಾ 2022ರಲ್ಲಿ ತಂದ ಟೋನೆಕ್ಸ್ ಕೂಡ ಇದೇ ದಾರಿಯದ್ದು.

ಆ ಒಂದು ನಾಬ್ ಸ್ಥಾನದಲ್ಲಿ ಕ್ಯಾಪ್ಚರ್ ಅನ್ನು ಮೀರಿಸುವುದು ಬಹಳ ಕಷ್ಟ. ಆದರೆ ಅದು ಆ ಒಂದು ಸ್ಥಾನಕ್ಕೆ ಮಾತ್ರ. ಆಮೇಲೆ ಗೇನ್ ತಿರುಗಿಸಿದರೆ ನೀವು ಬದಲಿಸುತ್ತಿರುವುದು ಇನ್‌ಪುಟ್ ಮಟ್ಟವನ್ನು, ಆಂಪ್‌ನ ಗೇನ್ ಅನ್ನಲ್ಲ. ಡಿಲೇ, ರಿವರ್ಬ್, ಕೋರಸ್ ತರಹದ ಎಫೆಕ್ಟ್‌ಗಳನ್ನು ಹೀಗೆ ಹಿಡಿಯಲು ಆಗುವುದಿಲ್ಲ. ನನ್ನ ಮಾತು ಕೇಳಿದರೆ, ಯಾವ ಟೋನ್ ಬೇಕು ಅಂತ ಗೊತ್ತಿದ್ದಾಗ ಕ್ಯಾಪ್ಚರ್, ಇನ್ನೂ ಹುಡುಕುತ್ತಿದ್ದಾಗ ಮಾಡೆಲಿಂಗ್.

ಕ್ಯಾಪ್ಚರ್ ಫೈಲ್ ಇಳಿಸುವಾಗ ಅದರಲ್ಲಿ ಕ್ಯಾಬ್ ಸೇರಿದೆಯಾ ಇಲ್ಲವಾ ನೋಡಿ. ಸೇರಿದ್ದಕ್ಕೆ ಮತ್ತೊಂದು ಐಆರ್ ಹಾಕಿದರೆ ಕಂಬಳಿ ಹೊದಿಸಿದ ಸದ್ದು. ಸೇರದಿದ್ದಕ್ಕೆ ಹಾಕದಿದ್ದರೆ ಕಿವಿ ಕೊರೆಯುವ ಸದ್ದು.

ಓವರ್‌ಸ್ಯಾಂಪ್ಲಿಂಗ್ ಎಷ್ಟಿಡಬೇಕು? ನಿಜಕ್ಕೂ ಕೇಳಿಸುತ್ತಾ?

ಡಿಸ್ಟಾರ್ಷನ್ ಹೊಸ ಹಾರ್ಮೋನಿಕ್ಸ್, ಅಂದರೆ ಮೂಲ ಸ್ವರದ ಎರಡು, ಮೂರು ಪಟ್ಟಿನ ಸ್ವರಗಳನ್ನು, ಹುಟ್ಟಿಸುತ್ತದೆ. 48 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡುವಾಗ 24 ಕಿಲೋಹರ್ಟ್ಜ್ ಮೇಲಿನದ್ದಕ್ಕೆ ಜಾಗ ಇಲ್ಲ. ಅವು ಮಡಚಿಕೊಂಡು ಕೆಳಗೆ ಬರುತ್ತವೆ. 5 ಕಿಲೋಹರ್ಟ್ಜ್ ಸ್ವರದ ಏಳನೇ ಹಾರ್ಮೋನಿಕ್ 35 ಕಿಲೋಹರ್ಟ್ಜ್. ಅದು 13 ಕಿಲೋಹರ್ಟ್ಜ್‌ನಲ್ಲಿ ಬಂದು ಕೂರುತ್ತದೆ. 13ಕ್ಕೂ 5ಕ್ಕೂ ಸಂಗೀತದ ಸಂಬಂಧವೇ ಇಲ್ಲ, ಹಾಗಾಗಿ ಕೆರೆದ ಹಾಗೆ ಕೇಳುತ್ತದೆ. ಇದಕ್ಕೆ ಏಲಿಯಾಸಿಂಗ್ ಎಂದು ಹೆಸರು. 4 ಪಟ್ಟು ಓವರ್‌ಸ್ಯಾಂಪ್ಲಿಂಗ್ ಇಟ್ಟರೆ ಪ್ಲಗಿನ್ ಒಳಗೆ 192 ಕಿಲೋಹರ್ಟ್ಜ್‌ನಲ್ಲಿ ಲೆಕ್ಕ ನಡೆಯುತ್ತದೆ, ಮಡಚುವುದು ಬಹಳ ಕಡಿಮೆಯಾಗುತ್ತದೆ.

ಕ್ಲೀನ್ ಟೋನ್‌ನಲ್ಲಿ ವ್ಯತ್ಯಾಸ ಕೇಳಿಸುವುದಿಲ್ಲ. ಜೋರು ಡಿಸ್ಟಾರ್ಷನ್‌ನಲ್ಲಿ ಮೇಲಿನ ಫ್ರೆಟ್‌ಗಳಲ್ಲಿ ತಂತಿ ಬೆಂಡ್ ಮಾಡಿ ಕೇಳಿ. ಸ್ವರ ಮೇಲೇರುವಾಗ ಹಿಂದೆ ಏನೋ ಕೆಳಗಿಳಿಯುವ ಹಾಗೆ ಕೇಳಿಸಿದರೆ ಅದೇ ಏಲಿಯಾಸಿಂಗ್. ಬಾರಿಸುವಾಗ 2 ಪಟ್ಟು, ಕೊನೆಗೆ ರೆಂಡರ್ ಮಾಡುವಾಗ 8 ಪಟ್ಟು ಇಟ್ಟರೆ ಸಾಕು.

ಎರಡು ಐಆರ್ ಬೆರೆಸಿದರೆ ಸದ್ದು ತೆಳ್ಳಗಾಗುತ್ತೆ. ಯಾಕೆ?

ಫೇಸ್, ಅಂದರೆ ಎರಡು ಸದ್ದಿನ ಅಲೆಗಳ ಏರಿಳಿತ, ಹೊಂದುತ್ತಿಲ್ಲ. ಒಂದು ಐಆರ್ ಇನ್ನೊಂದಕ್ಕಿಂತ ಅರ್ಧ ಮಿಲಿಸೆಕೆಂಡ್ ತಡವಾದರೂ 1 ಕಿಲೋಹರ್ಟ್ಜ್, 3 ಕಿಲೋಹರ್ಟ್ಜ್ ಹೀಗೆ ಸಾಲಾಗಿ ಗುಂಡಿಗಳು ಬೀಳುತ್ತವೆ. ಮೊದಲು ಒಂದರ ಫೇಸ್ ತಿರುಗಿಸಿ ಕೇಳಿ. ತುಂಬಿ ಬಂದರೆ ಅಲ್ಲಿಗೇ ಬಿಡಿ. ಇಲ್ಲದಿದ್ದರೆ ಐಆರ್ ಲೋಡರ್‌ನಲ್ಲಿ ಡಿಲೇ ನಾಬ್ ಇರುತ್ತದೆ, ಇಗ್ನೈಟ್ ಆಂಪ್ಸ್‌ನವರ ಉಚಿತ ನ್ಯಾಡಿರ್‌ನಲ್ಲೂ ಇದೆ. ಅದನ್ನು ಮೆಲ್ಲಗೆ ಸರಿಸಿ, ತಳದ ಸ್ವರಗಳು ಗಟ್ಟಿಯಾಗುವ ಜಾಗದಲ್ಲಿ ನಿಲ್ಲಿಸಿ.

ಟೋನ್ ಹಾಕಿದ ಸದ್ದನ್ನೇ ರೆಕಾರ್ಡ್ ಮಾಡಲಾ, ಬರೀ ಡಿಐ ಮಾಡಲಾ?

ಟ್ರ್ಯಾಕ್‌ನಲ್ಲಿ ಡಿಐ ಉಳಿಯಲಿ, ಕಿವಿಗೆ ಟೋನ್ ಬರಲಿ. ಪ್ಲಗಿನ್ ಅನ್ನು ಟ್ರ್ಯಾಕ್‌ನ ಇನ್ಸರ್ಟ್‌ನಲ್ಲಿ ಹಾಕಿದರೆ ಹೆಚ್ಚಿನ ಸಾಫ್ಟ್‌ವೇರ್‌ಗಳು ಹೀಗೇ ಮಾಡುತ್ತವೆ. ನಾಳೆ ಆಂಪ್ ಬದಲಿಸಬೇಕು ಅನ್ನಿಸಿದರೆ ಮತ್ತೆ ಬಾರಿಸಬೇಕಿಲ್ಲ. ಆದರೆ ಬರೀ ಡಿಐ ಕೇಳಿಕೊಂಡು ಬಾರಿಸಬೇಡಿ. ಕೇಳುವ ಟೋನ್‌ಗೆ ತಕ್ಕ ಹಾಗೆ ಕೈ ಬದಲಾಗುತ್ತದೆ. ಕ್ಲೀನ್ ಕೇಳಿ ಬಾರಿಸಿದ್ದಕ್ಕೆ ಆಮೇಲೆ ಡಿಸ್ಟಾರ್ಷನ್ ಹಾಕಿದರೆ ತಂತಿಗಳ ಬೇಡದ ಸದ್ದೆಲ್ಲ ಎದ್ದು ಬರುತ್ತದೆ.

ಹಾಡು ಮುಗಿದಾಗ ಟೋನ್ ಸೇರಿದ ಸದ್ದನ್ನೂ ಆಡಿಯೊ ಫೈಲ್ ಆಗಿ ರೆಂಡರ್ ಮಾಡಿ, ಡಿಐ ಪಕ್ಕದಲ್ಲೇ ಇಡಿ. ಪ್ಲಗಿನ್‌ಗಳ ಹೊಸ ಆವೃತ್ತಿ ಬರುತ್ತದೆ, ಲೈಸೆನ್ಸ್ ಬದಲಾಗುತ್ತದೆ, ಕಂಪ್ಯೂಟರ್ ಬದಲಾಗುತ್ತದೆ. ಹಳೆಯ ಪ್ರಾಜೆಕ್ಟ್ ತೆರೆದಾಗ ಪ್ಲಗಿನ್ ಇಲ್ಲದಿದ್ದರೂ ವೇವ್ ಫೈಲ್ ಇರುತ್ತದೆ. ಫೈಲ್ ಹೆಸರಿನಲ್ಲಿ ಪ್ಲಗಿನ್, ಪ್ರೀಸೆಟ್, ಐಆರ್ ಮೂರನ್ನೂ ಬರೆದಿಡಿ.